ನಾಲ್ಕು ದಿನ ಮೊದಲೇ ತುಂಬಿದ ಉಡಿ

ಕಳೆದ ವಾರ ಮಧ್ಯಾಹ್ನ ಸ್ವಲ್ಪ ಅಡ್ಡಾಗಿದ್ದೆ. ಅಡುಗೆಮನೆಯಿಂದ ಮೈದಾ ಹಿಟ್ಟು ಕುದಿಯುವ ವಾಸನೆ ಬಂತು. ತಿನ್ನುವ ಪದಾರ್ಥದ ವಾಸನೆಯಲ್ಲ ಅದು. ಎದ್ದು ಹೋಗಿ ನೋಡಿದರೆ ನನ್ನ ಮೊಮ್ಮಗ ಒಲೆಯ ಮುಂದೆ ನಿಂತು ಅಂಟು ಕಾಸುತ್ತಿದ್ದ. ಹತ್ತೊಂಬತ್ತು ವರ್ಷದ ಹುಡುಗ, ತನ್ನ ಚಹಾ ತಾನು ಮಾಡಿಕೊಳ್ಳಲೂ ಸೋಮಾರಿ. ಪಕ್ಕದ ಮನೆಯವರು ಆಸ್ಪತ್ರೆಗೆ ಹೋಗುವಾಗ ತಮ್ಮ ಮೂರು ವರ್ಷದ ಮಗಳನ್ನು ನಮ್ಮಲ್ಲಿ ಬಿಟ್ಟುಹೋಗಿದ್ದರು. ಅವಳ ಅಳು ನಿಲ್ಲಿಸಲು ಕಡ್ಡಿಪೆಟ್ಟಿಗೆಯ ರೈಲು ಮಾಡಿಕೊಡುತ್ತಾನಂತೆ. ಅಂಟು ಗಟ್ಟಿಯಾಗುತ್ತ ಬಂದಾಗ ಅದಕ್ಕೊಂದು ಚಿಟಿಕೆ ಉಪ್ಪು ಹಾಕಿದ. ಆ ಉಪ್ಪು ನೋಡಿ ನನಗೆ ಬೀಗತಿ ನೆನಪಾದಳು. ಅಂಟಿಗೆ ಉಪ್ಪು ಹಾಕುವವರನ್ನು ನಾನು ಕಂಡದ್ದು ಆಕೆಯೊಬ್ಬಳನ್ನೇ.

ಬೀಗತಿ ಎಂದರೆ ನನ್ನ ಸೊಸೆಯ ತಾಯಿ. ಧಾರವಾಡದ ಹತ್ತಿರದ ಮುಗದ ಎಂಬ ಹಳ್ಳಿಯ ರೈತರ ಮನೆಯಾಕೆ, ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಎದುರಿಗೆ ಎಂದೂ ನಾನು ಬಹುವಚನ ತಪ್ಪಿಸಿದವಳಲ್ಲ, ಮನಸ್ಸಿನೊಳಗೆ ಮಾತ್ರ ಏಕವಚನ. ಇಲ್ಲಿ ಮನಸ್ಸಿನಲ್ಲಿ ಇದ್ದಂತೆಯೇ ಬರೆಯುತ್ತೇನೆ. ಆಕೆ ಬದುಕಿರುವತನಕ ಆಕೆಯ ಮೇಲೆ ಹೊಟ್ಟೆಕಿಚ್ಚುಪಟ್ಟೆ. ಆಕೆ ಹೋಗಿ ಎರಡು ವರ್ಷವಾಯಿತು, ಕಿಚ್ಚು ಇನ್ನೂ ಪೂರ್ತಿ ಆರಿಲ್ಲ.

ಮೊಮ್ಮಗನಿಗೆ ಆಗ ನಾಲ್ಕೂವರೆ ವರ್ಷ. ಮಗ ಇಲ್ಲೇ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ ಪಾಳಿಯ ಮೇಲೆ ಹೋಗುತ್ತಿದ್ದ, ಸೊಸೆಗೆ ಹುಬ್ಬಳ್ಳಿಯಲ್ಲಿ ಕೆಲಸ. ಮಗು ಹಗಲೆಲ್ಲ ನನ್ನ ಹತ್ತಿರ. ಮೂವತ್ತೈದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ, ಮುಖ್ಯೋಪಾಧ್ಯಾಯಿನಿಯಾಗಿ ಆಗತಾನೇ ನಿವೃತ್ತಳಾಗಿದ್ದೆ. ಮಕ್ಕಳನ್ನು ನೋಡಿಕೊಳ್ಳುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಗತ್ತು ಇತ್ತು. ಸಂಕ್ರಾಂತಿ ಕಳೆದ ಒಂದು ಬೆಳಿಗ್ಗೆ ನಾನು ಕಟ್ಟೆಯ ಮೇಲೆ ಪೇಪರು ಓದುತ್ತ ಕೂತಿದ್ದಾಗ ಹುಡುಗ ಹಿತ್ತಲಿನ ಪೇರಲ ಗಿಡ ಹತ್ತಿ ಬಿದ್ದ. ಬಲಗಾಲಿನ ಎಲುಬು ಮುರಿದು ತೊಡೆಯತನಕ ಪ್ಲಾಸ್ಟರು ಬಂತು. ಆರು ವಾರ ಹಾಸಿಗೆ ಬಿಟ್ಟು ಇಳಿಸಬೇಡಿ ಎಂದರು ಡಾಕ್ಟರು. ಮಗ, ಸೊಸೆ ಇಬ್ಬರೂ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಛಲೋ ಇತ್ತು.

ನಾಲ್ಕೂವರೆ ವರ್ಷದ ಕೂಸನ್ನು ಮಂಚದ ಮೇಲೆ ಹಿಡಿದು ಕೂಡಿಸುವುದೆಂದರೆ... ನಾನು ಪಾಟಿ ಕೊಟ್ಟೆ, ಬಣ್ಣದ ಕಡ್ಡಿ ಕೊಟ್ಟೆ, ಮಗ್ಗಿ ಹೇಳಿಸಿದೆ. ಹೊಳೆಯುವ ಕಾಗದ ಕತ್ತರಿಸಿ ತೋರಣ ಮಾಡಿ ತೋರಿಸಿದೆ. ನನ್ನ ತೋರಣಕ್ಕೆ ಒಮ್ಮೆ ತಾಲೂಕಿನಲ್ಲಿ ಬಹುಮಾನ ಬಂದಿತ್ತು. ಅವನು ಅದನ್ನು ಹರಿದು ಬಾಯಿಗೆ ಹಾಕಿಕೊಂಡ. ಎರಡು ದಿನ ಮನೆತುಂಬ ಅವನ ಅಳು. ಮೂರನೆಯ ದಿನ ಸೊಸೆ, "ಅತ್ತೀ, ಅವ್ವನ್ನ ಕರಸ್ತೇನ್ರಿ. ನಿಮಗೂ ಒಂದೀಟು ಆರಾಮಾಕ್ಕೈತಿ," ಎಂದಳು. ಬೇಡ ಅನ್ನಲು ನನಗೆ ಯಾವ ಮುಖವಿತ್ತು?

ಬೀಗತಿ ಬಂದದ್ದು ಒಂದು ಹಳೆಯ ಗೊಬ್ಬರದ ಚೀಲದೊಂದಿಗೆ. ಅದರೊಳಗೆ ಜೋಳದ ದಂಟು, ಹುಣಸೆಬೀಜ, ಹರಿದ ಕುಪ್ಪಸದ ತುಂಡು, ಸೋಡಾ ಬಾಟಲಿಯ ಮುಚ್ಚಳ, ಹರಿದ ಅಂಗಿಗಳಿಂದ ಬಿಚ್ಚಿಟ್ಟ ಗುಂಡಿ... ನಾವು ಕಸದ ಬುಟ್ಟಿಗೆ ಹಾಕುವುದನ್ನೆಲ್ಲ ಆಕೆ ಬಸ್ಸಿನಲ್ಲಿ ಹೊತ್ತು ತಂದಿದ್ದಳು. ಬಂದವಳೇ ಮಂಚದ ತುದಿಗೆ ಕೂತು ಪ್ಲಾಸ್ಟರಿನ ಕಾಲನ್ನು ಮೆಲ್ಲಗೆ ಸವರಿದಳು. "ಅಯ್ಯ, ಇದು ಕಾಲಲ್ಲೋ ತಮ್ಮಾ. ಬಿಳಿ ಎತ್ತು ಬಂದು ಮಕ್ಕೊಂಡೈತಿ. ಹೊಲಾ ಹೊಡದು ದಣದೈತಿ, ಎಬ್ಬಸಬಾರದು," ಎಂದಳು. ಹುಡುಗ ಅಳು ನಿಲ್ಲಿಸಿ ಕಾಲು ನೋಡಿದ. ಸಂಜೆಯೊಳಗೆ ಆ ಎತ್ತಿನ ಬೆನ್ನಿಗೆ ಕೆಂಪು ಕುಪ್ಪಸದ ಜೂಲ ಬಂತು, ಕೊರಳಿಗೆ ಗುಂಡಿಯ ಸರ ಬಂತು, ಹುಣಸೆಬೀಜದ ಕಣ್ಣು ಬಂದವು. ಅಂದಿನಿಂದ ಕಾಲು ಅಲುಗಿಸಬೇಡ ಎಂದು ಯಾರೂ ಅವನಿಗೆ ಹೇಳಬೇಕಾಗಲಿಲ್ಲ. ಎತ್ತು ಏಳುತ್ತದೆಂದು ಅವನೇ ನಮಗೆ ಮೆಲ್ಲಗೆ ಮಾತಾಡಲು ಹೇಳುತ್ತಿದ್ದ. ತಪಾಸಣೆಗೆ ಹೋದಾಗ ಡಾಕ್ಟರು ನಕ್ಕು, "ಯಾರ್ರಿ ಇದನ್ನ ಮಾಡಿದವರು?" ಎಂದು ಕೇಳಿದರು. ನಾನು ಅಲ್ಲೇ ನಿಂತಿದ್ದೆ, ಕೇಳಿಸದವಳಂತೆ ಕಿಟಕಿಯ ಹೊರಗೆ ನೋಡಿದೆ.

ದಿನಕ್ಕೊಂದು ಆಟ. ದಂಟಿನ ಸಿಬರು ಸುಲಿದು, ಒಳಗಿನ ಬೆಂಡಿಗೆ ಚುಚ್ಚಿ ಕನ್ನಡಕ ಮಾಡಿದಳು. ಗುಂಡಿಯ ಎರಡು ತೂತಿಗೆ ದಾರ ಪೋಣಿಸಿ ಎಳೆದು ಬಿಟ್ಟು ಗುಂಯ್ ಅನ್ನಿಸಿದಳು. ಅರಿಷಿಣದ ನೀರಿಗೆ ತನ್ನ ಎಲೆಅಡಿಕೆಯ ಸುಣ್ಣ ಬೆರೆಸಿ ಕೆಂಪು ಮಾಡಿ, ಬೆಂಡೆಕಾಯಿ ಅದ್ದಿ ಹಳೆಯ ಪೇಪರಿನ ತುಂಬ ಹೂವಿನ ಮುದ್ರೆ ಒತ್ತಿಸಿದಳು. ನಾನಿನ್ನೂ ಓದಿರದ ಪೇಪರು ಅದು. ಮನೆಯಲ್ಲಿ ನಗು ಕೇಳಿದಾಗಲೆಲ್ಲ ನಾನು ಅಡುಗೆಮನೆಯಲ್ಲಿ ಪಾತ್ರೆ ಸ್ವಲ್ಪ ಜೋರಾಗಿ ಇಡುತ್ತಿದ್ದೆ. ಬೀಗತಿಗೆ ಕೆಲಸ ಹಚ್ಚುವಂತಿಲ್ಲವಲ್ಲ, ಆಕೆ ಆಡುವುದು, ನಾನು ರೊಟ್ಟಿ ಬಡಿಯುವುದು.

ಒಂದು ದಿನ ಹುಬ್ಬಳ್ಳಿಗೆ ಹೋಗಿ ರಿಮೋಟಿನ ಕಾರು ತಂದೆ. ಅಂಗಡಿಯವನು ತೋರಿಸಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು. ಹುಡುಗ ಅರ್ಧ ತಾಸು ಆಡಿದ. ಮರುದಿನ ನೋಡಿದರೆ ಕಾರು ಮಂಚದ ಕೆಳಗಿತ್ತು, ಅದರ ರಟ್ಟಿನ ಡಬ್ಬಿ ಮಂಚದ ಮೇಲಿತ್ತು. ಅಜ್ಜಿ ಮೊಮ್ಮಗ ಸೇರಿ ಆ ಡಬ್ಬಿಯಲ್ಲಿ ಮುಗದ ಊರು ಕಟ್ಟಲು ಶುರು ಮಾಡಿದ್ದರು. ಒಡೆದ ಕನ್ನಡಿಯ ಚೂರು ಕೆರೆ, ಒದ್ದೆ ಹತ್ತಿಯ ಮೇಲೆ ಮೊಳಕೆಯೊಡೆದ ಗೋಧಿ ಹೊಲ. ಧಾರವಾಡದಿಂದ ಮುಗದಕ್ಕೆ ಹೋಗುವ ಕಡ್ಡಿಪೆಟ್ಟಿಗೆಯ ರೈಲು, ಸೋಡಾ ಮುಚ್ಚಳದ ಗಾಲಿ. ಪ್ಲಾಸ್ಟರು ತೆಗೆದ ದಿನ ರೈಲಿಗೆ ದಾರ ಕಟ್ಟಿ, ಅದನ್ನು ಎಳೆಯುತ್ತ ಹುಡುಗ ಮಂಚದಿಂದ ಬಾಗಿಲಿನತನಕ ನಡೆಯಬೇಕು ಎಂಬುದು ಅವರಿಬ್ಬರ ಕರಾರು.

ಒಂದು ನಾಚಿಕೆಯ ಮಾತನ್ನೂ ಹೇಳಿಬಿಡುತ್ತೇನೆ. ಆಕೆ ಸ್ನಾನಕ್ಕೆ ಹೋಗಿದ್ದಾಗ ಎರಡು ದಂಟು ಕದ್ದು, ಹಿತ್ತಲಿನಲ್ಲಿ ಕೂತು ಕನ್ನಡಕ ಮಾಡಲು ನೋಡಿದೆ. ಸಿಬರು ಬಗ್ಗಿಸಿದರೆ ಲಟಕ್ಕನೆ ಮುರಿಯಿತು, ಬೆರಳು ಕುಯ್ದುಕೊಂಡೆ. ತಲೆ ಒರೆಸಿಕೊಳ್ಳುತ್ತ ಬಂದವಳು ನೋಡಿಬಿಟ್ಟಳು. "ಒಣಗಿದ್ದಕ್ಕ ಒಂದೀಟು ನೀರ ಹಚ್ಚಬೇಕ್ರಿ ಅಕ್ಕಾರ. ಅಂದ್ರ ಹೇಳಿದಂಗ ಕೇಳ್ತೈತಿ," ಎಂದು ನನ್ನ ಪಕ್ಕದಲ್ಲೇ ಕೂತು ತೋರಿಸಿದಳು. ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ನಗಲಿಲ್ಲ, ಹೇಳಿಕೊಟ್ಟಳು. ಅದನ್ನು ಮಾತ್ರ ನನ್ನಿಂದ ತಡೆಯಲಾಗಲಿಲ್ಲ.

ಐದು ವಾರ ಹೀಗೇ ಸಾಗಿತು. ಶುಕ್ರವಾರ ಪ್ಲಾಸ್ಟರು ತೆಗೆಯುವುದಿತ್ತು. ಅದರ ಹಿಂದಿನ ರವಿವಾರ ಡಬ್ಬಿಯ ಊರಿಗೆ ಜನ ಬಂದರು. ಬೆಂಡಿನ ಬೊಂಬೆಗಳು, ಅಪ್ಪ, ಅವ್ವ, ನಮ್ಮ ಯಜಮಾನರು, ಮುಗದ ಅಜ್ಜ, ಮುಗದ ಅಜ್ಜಿ, ನಡುವೆ ಹುಡುಗ. ನಾನು ಚಹಾ ಕೊಡಲು ಹೋದವಳು ಬಗ್ಗಿ ನೋಡಿ, "ನಾ ಎಲ್ಲಿದ್ದೇನೋ ಇದರಾಗ?" ಎಂದೆ. ಚೇಷ್ಟೆಗೆ ಕೇಳಿದ್ದಲ್ಲ, ಖರೇ ಹುಡುಕಿದ್ದೆ. ಅವನು ತಲೆ ಎತ್ತದೆ, "ನೀ ಇಲ್ಲಿಲ್ಲ," ಎಂದ. ಬೀಗತಿಯ ಮುಖ ಸಣ್ಣದಾಯಿತು. "ಹಂಗನಬಾರದಪಾ, ಅಕ್ಕಾರದೊಂದು ಮಾಡೂಣು," ಎಂದು ಲಗೂನೆ ಒಂದು ಬೊಂಬೆ ಮಾಡಿ, ಸಣ್ಣ ಕನ್ನಡಕವನ್ನೂ ತೊಡಿಸಿ ಹುಡುಗನ ಕೈಗಿಟ್ಟಳು. ಅವನು ಅದನ್ನು ಒಯ್ದು ಸ್ಟೇಷನ್ನಿನ ಆಚೆ, ಡಬ್ಬಿಯ ಅಂಚಿಗೆ ನಿಲ್ಲಿಸಿದ. ನನ್ನ ಮೊಮ್ಮಗನ ಊರಿನಲ್ಲಿ ನನಗೆ ನಿಲ್ಲಲು ಜಾಗ ಸಿಕ್ಕಿದ್ದು ಬೀಗತಿಯ ಶಿಫಾರಸಿನಿಂದ.

ನಮ್ಮ ಕಡೆ ಬೀಗತಿಯನ್ನು ಕಳಿಸುವುದಕ್ಕೆ ಒಂದು ರೀತಿಯಿದೆ. ಹೊರಡುವ ಮಾತು ಆಕೆಯ ಬಾಯಿಂದಲೇ ಬರಬೇಕು. ಎರಡು ಸಲ "ಇರ್ರಿ" ಎಂದು ತಡೆಯಬೇಕು. ಮೂರನೆಯ ಸಲ ಮಣೆ ಹಾಕಿ ಕೂಡಿಸಿ, ಸೆರಗಿಗೆ ಅಕ್ಕಿ, ಕಾಯಿ, ಎಲೆಅಡಿಕೆ, ಕುಪ್ಪಸದ ಖಣ ಇಟ್ಟು ಉಡಿ ತುಂಬಬೇಕು. ಉಡಿ ತುಂಬಿದ ಮೇಲೆ ಆಕೆ ಆ ಮನೆಯಲ್ಲಿ ಉಳಿಯುವಂತಿಲ್ಲ. ಸೋಮವಾರ ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ನಾನು ಮಣೆ ಹಾಕಿ, ತಾಟಿನಲ್ಲಿ ಎಲ್ಲವನ್ನೂ ಜೋಡಿಸಿಟ್ಟು, "ಒಂದೀಟು ಒಳಗ ಬರ್ರಿ," ಎಂದು ಕರೆದೆ.

ಆಕೆ ರೈಲಿನ ಕೊನೆಯ ಡಬ್ಬಿ ಅಂಟಿಸುತ್ತಿದ್ದಳು. ಹಾಗೆಯೇ ಬಂದು, ಬಾಗಿಲಲ್ಲಿ ನಿಂತು ಮಣೆ ನೋಡಿದಳು, ತಾಟು ನೋಡಿದಳು. ನನ್ನ ಮುಖ ನೋಡಲಿಲ್ಲ.

"ಎಷ್ಟು ದಿನ ಅಂತ ನಿಮಗ ತ್ರಾಸ ಕೊಡೂದ್ರಿ. ನಿಮಗೂ ಹೊಲಾ ಮನಿ ಇರ್ತಾವು," ಎಂದೆ.

"ಖರೇ ಐತ್ರಿ ಅಕ್ಕಾರ. ನಾನ ಹೇಳಬೇಕಂತ ಮಾಡಿದ್ದೆ," ಎಂದಳು.

ನನ್ನ ಮಾನ ಕಾಯಲು ಆಕೆ ಹೇಳಿದ ಸುಳ್ಳು ಅದು. ಮಣೆಯ ಮೇಲೆ ಕೂತು ಸೆರಗು ಒಡ್ಡಿದಳು. ಬೆರಳಿಗೆ ಹಸಿ ಅಂಟು ಇತ್ತಲ್ಲ, ನಾನು ಹಾಕಿದ ಅಕ್ಕಿಯಲ್ಲಿ ನಾಲ್ಕಾರು ಕಾಳು ಅದಕ್ಕೇ ಹತ್ತಿಕೊಂಡವು. ಅವನ್ನೂ ಒಂದೊಂದಾಗಿ ಬಿಡಿಸಿ ಉಡಿಗೇ ಹಾಕಿಕೊಂಡಳು. ಎಮ್ಮೆ ಈದಿದೆಯಂತೆ, ನೋಡಿ ಬರುತ್ತೇನೆ ಎಂದು ಹುಡುಗನಿಗೆ ಹೇಳಿ ಹನ್ನೊಂದರ ಬಸ್ಸಿಗೆ ಹೋದಳು. ಮಗಳು ಸಂಜೆ ಫೋನು ಮಾಡಿದಾಗಲೂ ಅದನ್ನೇ ಹೇಳಿದಳಂತೆ. ನಮ್ಮ ಯಜಮಾನರು ಮಾತ್ರ ಊಟಕ್ಕೆ ಕೂತಾಗ, "ಇನ್ನ ನಾಕ ದಿನ ತಡಕೊಳ್ಳಿಕ್ಕೆ ಆಗಲಿಲ್ಲೇನು ನಿನಗ?" ಎಂದು ಕೇಳಿದರು. ಮತ್ತೆ ಎಂದೂ ಆ ಮಾತು ತೆಗೆಯಲಿಲ್ಲ. ಅವರೂ ಈಗಿಲ್ಲ.

ಹುಡುಗ ಮೂರು ದಿನ ಬಾಗಿಲು ಕಾದ. ಗುರುವಾರ ಮತ್ತೆ, "ಅಜ್ಜಿ ಯಾಕ ಬರವಲ್ಲಳು?" ಎಂದು ಕೇಳಿದ. ಎಮ್ಮೆಯ ಕಥೆಯನ್ನೇ ಮುಂದುವರಿಸಬಹುದಿತ್ತು. ನಾನು, "ಅಕಿಗೆ ನಮ್ಮ ಮನಿ ಸೇರೂದಿಲ್ಲಪಾ. ಬ್ಯಾಸರ ಬಂದು ಹೋದಳು," ಎಂದೆ. ಅವನು ಮತ್ತೆ ಕೇಳಲಿಲ್ಲ.

ಶುಕ್ರವಾರ ಪ್ಲಾಸ್ಟರು ತೆಗೆದರು. ಒಳಗಿನ ಕಾಲು ತೆಳ್ಳಗೆ, ಬೆಳ್ಳಗೆ ಇತ್ತು. ವಾರದೊಳಗೆ ನನ್ನ ಬೆರಳು ಹಿಡಿದು ಮಂಚದಿಂದ ಬಾಗಿಲಿನತನಕ ನಡೆದ. ಆ ಹೆಜ್ಜೆಗಳು ನನಗೇ ಸಿಕ್ಕವು. ಸಂತೋಷವಾಗಲಿಲ್ಲ ಎಂದರೆ ಸುಳ್ಳು, ಬಹಳ ಸಂತೋಷವಾಯಿತು. ರೈಲನ್ನು ಅವನು ಮುಟ್ಟಲಿಲ್ಲ. ಕೆಲವು ದಿನಕ್ಕೆ ಅಂಟಿಗೆ ಇರುವೆ ಹತ್ತಿದವೆಂದು ಊರನ್ನೂ ರೈಲನ್ನೂ ಒಟ್ಟಿಗೆ ಹೊರಗೆ ಹಾಕಿದೆ.

ಬೀಗತಿ ಆಮೇಲೂ ಬರುತ್ತಿದ್ದಳು. ಪಂಚಮಿಗೆ ಉಂಡಿ, ದೀಪಾವಳಿಗೆ ಕರ್ಚಿಕಾಯಿ ತರುತ್ತಿದ್ದಳು. ನನ್ನನ್ನು ಮೊದಲಿನಂತೆಯೇ ಅಕ್ಕಾರ ಎನ್ನುತ್ತಿದ್ದಳು. ಆದರೆ ಉಂಡ ಮೇಲೆ ಸಂಜೆಯ ಬಸ್ಸಿಗೆ ಎದ್ದುಬಿಡುತ್ತಿದ್ದಳು. ಹದಿಮೂರು ವರ್ಷದಲ್ಲಿ ಒಂದು ರಾತ್ರಿಯೂ ನಮ್ಮ ಮನೆಯಲ್ಲಿ ಉಳಿಯಲಿಲ್ಲ. ಮಗಳಿಗೆ ಏನೂ ಹೇಳಲಿಲ್ಲ ಎಂಬುದು ನನಗೆ ಗೊತ್ತು, ಹೇಳಿದ್ದರೆ ಸೊಸೆಯ ಕಣ್ಣಿನಲ್ಲಿ ಕಾಣಿಸುತ್ತಿತ್ತು. ಇಂಥ ದೊಡ್ಡ ಗುಣದ ಮೇಲೂ ನನಗೆ ಹೊಟ್ಟೆಕಿಚ್ಚೇ.

ಕಳೆದ ವಾರದ ಮಧ್ಯಾಹ್ನಕ್ಕೆ ಬರುತ್ತೇನೆ. ಪಕ್ಕದ ಮನೆಯ ಕೂಸು ಅಳು ಮರೆತು ಮೊಮ್ಮಗನ ಎದುರಿಗೆ ಕೂತಿತ್ತು. "ಯಾರು ಕಲಿಸಿದ್ರು ನಿನಗ?" ಎಂದು ಕೇಳಿತು.

"ನಮ್ಮಜ್ಜಿ. ನನ್ನ ಕಾಲು ಮುರದಿತ್ತಲ್ಲ, ಅವಾಗ," ಎಂದು ಅವನು ನನ್ನ ಕಡೆ ಕೈ ತೋರಿಸಿದ.

ತಮಾಷೆಗೆ ಹೇಳಿದನೆಂದುಕೊಂಡೆ. ಮುಖ ನೋಡಿದರೆ ತಮಾಷೆಯಿರಲಿಲ್ಲ. ಅಷ್ಟು ಸಣ್ಣವನಿದ್ದಾಗಿನದು, ಆಟ ನೆನಪಿನಲ್ಲಿ ಉಳಿದಿತ್ತು, ಆಡಿಸಿದವಳ ಮುಖ ಅಳಿಸಿಹೋಗಿ ಅಲ್ಲಿ ನನ್ನ ಮುಖ ಬಂದು ಕೂತಿತ್ತು. ಹದಿನೈದು ವರ್ಷದ ಹಿಂದೆ ಇದೊಂದನ್ನೇ ಬೇಡಿದ್ದೆ. ಸುಮ್ಮನಿದ್ದುಬಿಡೋಣ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ.

"ನಾನಲ್ಲೋ. ನಿಮ್ಮ ಮುಗದ ಅಜ್ಜಿ ಕಲಿಸಿದ್ದು," ಎಂದೆ.

"ಅಕಿ ಎಲ್ಲಿ ಉಳೀತಿದ್ಲಜ್ಜಿ ನಮ್ಮನ್ಯಾಗ? ಅಕಿಗೆ ನಮ್ಮ ಮನಿ ಸೇರ್ತಿದ್ದಿಲ್ಲಲ್ಲ," ಎಂದ ಅವನು, ಮುಚ್ಚಳಕ್ಕೆ ತೂತು ಹಾಕುತ್ತ.

ಅವನ ಎದುರಿಗೆ ನೆಲದ ಮೇಲೆ ಕೂತೆ. ಮಣೆ, ಸೋಮವಾರ, ಹನ್ನೊಂದರ ಬಸ್ಸು, ಆಮೇಲೆ ನಾನಾಡಿದ ಮಾತು, ಎಲ್ಲವನ್ನೂ ಹೇಳಿದೆ. ಬೈಯುತ್ತಾನೆಂದು ಕಾದೆ. ಅವನು ಕೈಯಲ್ಲಿನ ಮುಚ್ಚಳ ಕೆಳಗಿಟ್ಟು, "ಅಕಿಗೆ ಸೇರಂಗಿಲ್ಲಂತ ತಿಳದು ನಾನೂ ಒಂದ್ಸಲಾನೂ ಇರು ಅನ್ನಲಿಲ್ಲಜ್ಜಿ," ಎಂದ.

ಹಬ್ಬದ ಸಂಜೆ ಹೊರಡುವಾಗ ಆಕೆ ಬಾಗಿಲಲ್ಲಿ ಚಪ್ಪಲಿ ಮೆಟ್ಟಲು ಬಹಳ ಹೊತ್ತು ಮಾಡುತ್ತಿದ್ದಳು. ಹುಡುಗ ಅಲ್ಲೇ ಪಕ್ಕದಲ್ಲಿ ನಿಂತಿರುತ್ತಿದ್ದ. ಮೊಣಕಾಲು ನೋವಿರಬೇಕೆಂದು ನಾನು ತಿಳಿದುಕೊಂಡಿದ್ದೆ.