ಹ್ಯಾಂಡ್ಸ್ ಡೌನ್ ಗೆಲುವು

ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಈಗ ನನ್ನ ಬಳಿ ಉಳಿದಿರುವುದು ಜಂಬ ಮಾತ್ರ. ಯಾರಾದರೂ 'ವನ್ ಹ್ಯಾಂಡ್ಸ್ ಡೌನ್' ಅನ್ನು ಸಲ್ಲದ ಕಡೆ ಬರೆದರೆ ನನಗೆ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಅದು ಕುದುರೆ ರೇಸಿನ ಮಾತು. ಹಿಂದೆ ಯಾರೂ ಹತ್ತಿರದಲ್ಲಿಲ್ಲ ಎಂದು ಗೊತ್ತಾದಾಗ ಸವಾರ ಲಗಾಮು ಸಡಿಲಿಸಿ, ಕೈ ಇಳಿಬಿಟ್ಟು, ಆರಾಮಾಗಿ ಗೆಲ್ಲುತ್ತಾನಲ್ಲ, ಅದು. ಬೆವರಿದವರಿಗೆ ಆ ಮಾತಿಲ್ಲ. ನಮ್ಮ ಸಿಸ್ಟರ್ ಬೆಂಚಿನ ಮೇಲೆ ಸವಾರಿ ಮಾಡಿಯೇ ಇದನ್ನು ತೋರಿಸಿದ್ದರು. ನೆನೆದರೆ ಈಗಲೂ ನಗು, ಜೊತೆಗೆ ಕಣ್ಣಲ್ಲಿ ನೀರು.

ಶ್ರೀರಂಗಪಟ್ಟಣದಲ್ಲಿ ನಮ್ಮಣ್ಣನದೊಂದು ಪುಟ್ಟ ಲಾಡ್ಜಿದೆ. ಯಜಮಾನಿಕೆ ಮಾತ್ರ ನಾಗಮಂಗಲದಿಂದ ಬಂದ ಅತ್ತಿಗೆಯದು. ಟೂರಿಸ್ಟರಿಗೆಂದು ಗೋಡೆಯ ಮೇಲೆ ಊರಿನ ಚರಿತ್ರೆ ಬರೆಸಲು ಹೊರಟ ಅವರು, ೧೭೯೯ರಲ್ಲಿ ಇಂಗ್ಲಿಷರು ಟಿಪ್ಪುವಿನ ಕೋಟೆಯನ್ನು ಹ್ಯಾಂಡ್ಸ್ ಡೌನ್ ಗೆದ್ದರು ಎಂದು ಸೇರಿಸಿಬಿಟ್ಟರು!

"ಅತ್ತಿಗೆ, ಮೊದಲ ಸಲ ಬಂದಾಗ ಎತ್ತುಗಳೆಲ್ಲ ಸತ್ತು, ಫಿರಂಗಿ ಎಳೆಯೋಕಾಗದೆ ವಾಪಸ್ ಹೋದೋರು ಅವರು. ಆಮೇಲೂ ಎರಡು ಸಲ ಬರಬೇಕಾಯ್ತು. ಇದ್ಯಾವ ಸೀಮೆ ಹ್ಯಾಂಡ್ಸ್ ಡೌನ್?"

"ಗೆದ್ರೋ ಇಲ್ವೋ ಕಣಮ್ಮಿ? ಕೇಳಕ್ ಚೆಂದಾಗದೆ, ಇರ್ಲಿ ಬುಡು."

ಪೇಂಟರು ಏಣಿಯ ಮೇಲೆ ಬ್ರಷ್ ಹಿಡಿದು ಕಾಯುತ್ತಿದ್ದ. ನಮ್ಮ ಮನೆಯಲ್ಲಿ ಅತ್ತಿಗೆ-ನಾದಿನಿಯರ ಜಗಳಕ್ಕೆ ಚೌಕಾಬಾರವೇ ಕೋರ್ಟು. ಸೋತವರು ಆಮೇಲೆ ಆ ವಿಷಯಕ್ಕೆ ತುಟಿ ಪಿಟಕ್ಕೆನ್ನುವಂತಿಲ್ಲ. ಜಗಲಿಯ ಕಲ್ಲಿನಲ್ಲಿ ಮನೆಗಳು ಕೊರೆದೇ ಇವೆ. ಕವಡೆ ತಂದು ಕೂತೆವು.

ಅತ್ತಿಗೆ ನನ್ನ ಕಾಯಿಗಳನ್ನು ಕಡಿದಿದ್ದೇ ಕಡಿದಿದ್ದು. "ಕಾನ್ವೆಂಟ್‌ನಾಗೆ ಕವಡೆ ಹಾಕದ ಯೋಳ್ಕೊಡ್ನಿಲ್ವಾ?"

"ಬೇಗ ಆಡ್ರವ್ವ, ಬಣ್ಣ ಒಣಗೋಯ್ತದೆ!" ಎಂದ ಪೇಂಟರು.

ಕೊನೆಗೆ ಇಬ್ಬರಿಗೂ ಒಂದೊಂದೇ ಕಾಯಿ ನಡುಮನೆ ಸೇರಬೇಕಿತ್ತು. ಅತ್ತಿಗೆಗೆ ಬೇಕಾದ ಒಂದು ಬೀಳಲಿಲ್ಲ. ನನಗೆ ಬೇಕಿದ್ದದ್ದು ಚೌಕ, ನಾಲ್ಕೂ ಕವಡೆ ಬಾಯಿ ತೆರೆಯಬೇಕು. ರಂಗನಾಥನನ್ನೂ ಮದರ್ ಮೇರಿಯನ್ನೂ ಒಟ್ಟಿಗೆ ಕರೆದು ಚೆಲ್ಲಿದೆ. ಮೂರು ತೆರೆದವು; ನಾಲ್ಕನೆಯದು ಉರುಳಿ, ಕಂಬಕ್ಕೆ ಬಡಿದು, ಯೋಚಿಸಿ, ಬಾಯಿ ತೆರೆಯಿತು! ನಾನು ಕೂಗಿದ ಕೂಗಿಗೆ ಪೇಂಟರು ಏಣಿಯನ್ನು ತಬ್ಬಿಕೊಂಡ. ನನ್ನ ಕನ್ನಡಕ ಎಲ್ಲಿಗೋ ಹಾರಿತು.

ಗೋಡೆಯ ಮೇಲೆ ಈಗ, ಬಹಳ ಕಷ್ಟಪಟ್ಟು ಗೆದ್ದರು ಎಂದು ಶುದ್ಧ ಇಂಗ್ಲಿಷಿನಲ್ಲಿದೆ.

ಅಣ್ಣನಿಂದ ಸುದ್ದಿ ತಿಳಿದು, ಸಂಜೆ ಕೆ.ಆರ್. ಪೇಟೆಯಿಂದ ತಂಗಿ ಫೋನ್ ಮಾಡಿದಳು. "ಆಟ ಏನಾಯ್ತಕ್ಕ?"

"ಆಗೋದೇನೇ? ಐ ವನ್ ಹ್ಯಾಂಡ್ಸ್ ಡೌನ್!"

ಕಂಪನಿಯ ಸೋಲ್ಜರುಗಳೂ ಊರಿಗೆ ಹೋಗಿ ಹೀಗೇ ಹೇಳಿಕೊಂಡಿರಬೇಕು. ಪಕ್ಕದಲ್ಲೇ ಇದ್ದ ಅತ್ತಿಗೆ, ಸೋತವರ ನಿಯಮದಂತೆ ತುಟಿ ಪಿಟಕ್ಕೆನ್ನದೆ, ಕಾಫಿಯ ಲೋಟವನ್ನು ಮುಂದೆ ಹಿಡಿದರು. ನಾನು ಎರಡೂ ಕೈಗಳನ್ನು ಎತ್ತಿ ತೆಗೆದುಕೊಂಡೆ.