ಮನೆಗೊಬ್ಬ ಆಳು

ಏಪ್ರಿಲ್‌ನ ಒಂದು ಭಾನುವಾರ ನರಸೀಪುರದ ಬಳಿಯ ನನ್ನ ತವರಿನ ಜಗಲಿಯಲ್ಲಿ ಮೂವರು ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆವು: ನಾನು, ನನ್ನಪ್ಪ, ನನ್ನ ತಂಗಿಯ ಮಗ. ನಾಲ್ಕನೆಯವಳು ತಂಗಿ. ಅವಳು ಸಿಂಗಾಪುರದಿಂದ, ಕಂಬಕ್ಕೆ ಒರಗಿಸಿಟ್ಟ ಫೋನಿನೊಳಗೆ ಕೂತಿದ್ದಳು.

ತಂಗಿ ಅಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಹುಡುಗ ಹುಟ್ಟಿದ್ದು ಅಲ್ಲೇ, ಅಪ್ಪನಂತೆ ಅವನೂ ಆ ದೇಶದ ಪ್ರಜೆಯೇ. ಅವನಪ್ಪ ತೀರಿಕೊಂಡ ಮೇಲೆ, ರಾತ್ರಿ ಪಾಳಿ ಮಾಡುವವಳು ಮಗುವನ್ನು ಯಾರ ಬಳಿ ಬಿಟ್ಟಾಳು? ನಂಜನಗೂಡಿಗೆ, ನನ್ನ ಮನೆಗೆ ಕಳಿಸಿದಳು. ನನ್ನ ಕೈತುತ್ತಿನಲ್ಲೇ ಬೆಳೆದ. ಆದರೆ ಆ ದೇಶದ ಗಂಡುಮಕ್ಕಳು ಹದಿನೆಂಟಾದರೆ ಎರಡು ವರ್ಷ ಸೈನ್ಯದಲ್ಲಿ ದುಡಿಯಲೇಬೇಕು. ಎಲ್ಲಿ ಬೆಳೆದಿದ್ದರೂ ಅಷ್ಟೇ. ಪಿಯುಸಿ ಮುಗಿಯುವವರೆಗೆ ಮುಂದೂಡಿದ್ದರು. ಡಿಗ್ರಿಗೂ ಮುಂದೂಡಿ ಎಂದು ಕೇಳಿದ್ದಕ್ಕೆ ಆಗುವುದಿಲ್ಲ ಎಂಬ ಉತ್ತರ ಬಂದಿತ್ತು.

“ಬರದಿದ್ರೆ ಏನ್ಮಾಡ್ತಾರೆ? ಇಲ್ಲೀಗಂಟ ಬಂದು ಎಳ್ಕಂಡು ಓಗ್ತಾರಾ?” ಎಂದೆ.

“ಇಲ್ಲಿಗೆ ಕಾಲಿಟ್ಟ ದಿನ ಹಿಡೀತಾರೆ ಕಣಕ್ಕ. ನಾ ಇಲ್ಲಿ ಕಾಯಿಲೆ ಬಿದ್ದು ಮಲಗಿದ್ರೂ ನೋಡಕ್ಕೆ ಬರಂಗಿಲ್ಲ ಅವನು.”

ಅಪ್ಪ ಕೈಯೊರೆಸಿಕೊಂಡು ಫೋನಿನ ಮುಂದೆ ಬಗ್ಗಿದರು. “ಮಗಾ, ನಮ್ಮೂರಲ್ಲಿ ನಾಲೆ ಹೂಳೆತ್ತೋವಾಗ ಮನೆಗೊಬ್ಬ ಆಳು ಅಂತ ಸಾರಿಸ್ತಿದ್ರು. ಆಗ್ದೇ ಇದ್ದೋರು ಬದಲಿ ಆಳು ಕಳಿಸ್ತಿದ್ರು. ನಿಮ್ಮ ಚಿಕ್ಕಪ್ಪನ ಬದಲಿಗೆ ನಾನೇ ಓಗಿವ್ನಿ. ಕೇಳ್ನೋಡು, ತಾತ ಬಂದ್ರೆ ಆಯ್ತದಾ ಅಂತ.”

“ತಾತ, ನಿನ್ ಮಂಡಿ ನೋಡಿದ್ರೆ ಶತ್ರುಗಳೇ ಎತ್ಕಂಡ್ ಬಂದು ಊರಿಗೆ ಬುಟ್ಟೋಯ್ತಾರೆ” ಎಂದ ಹುಡುಗ.

“ಲೇ, ಸುಮ್ನೆ ಬೀಜ ಬುಡ್ಸಲಾ. ಬಂದೂಕ ಯಾರ್ ಕೇಳಿದ್ರು? ಅಷ್ಟು ಜನಕ್ಕೆ ಈರುಳ್ಳಿ ಹೆಚ್ಚಾಕೆ ಆಳು ಬ್ಯಾಡ್ವಾ ಅವ್ರಿಗೆ?”

ಎಲ್ಲರೂ ನಕ್ಕೆವು. ತಂಗಿಯೂ ನಕ್ಕಳು; ನಗುತ್ತಲೇ ಮೂಗೊರೆಸಿಕೊಂಡಳು. “ಇಲ್ಲಿ ಬದಲಿ ಆಳು ನಡೆಯಾಕಿಲ್ಲ ಕಣಪ್ಪ.”

“ಹಂಗಾದ್ರೆ ನಾ ಕಳಿಸಾಕಿಲ್ಲ” ಎಂದುಬಿಟ್ಟೆ. ಓದುವ ಹುಡುಗ, ಯಾರದೋ ಬಂದೂಕು ಹೊರಲು ನಾನು ಸಾಕಿದ್ದೆನೇ? ಅಪ್ಪ ನನ್ನ ಪರ ಬರುತ್ತಾರೆಂದು ಅವರತ್ತ ನೋಡಿದೆ.

ಅವರು ಬಿಡಿಸಿದ ಬೀಜಗಳನ್ನು ಒಂದೆಡೆ ಗುಡ್ಡೆ ಮಾಡಿದರು. “ಆಳು ಕಳಿಸ್ದೇ ಇದ್ದ ಮನೆಯೋರ ಗದ್ದೆಗೆ ತೂಬು ಮುಚ್ಚಿಬುಡ್ತಿದ್ವು” ಎಂದರು. “ನಾನೇ ಮುಚ್ಚಿವ್ನಿ. ಪೈರು ಒಣಗ್ತಾ ಇದ್ರೂವೆ ತೆಗೀತಿರ್ಲಿಲ್ಲ.”

ಹುಡುಗ ಫೋನನ್ನು ಕೈಗೆತ್ತಿಕೊಂಡ.

“ಅವ್ವಾ, ನಾ ಬರ್ನಿಲ್ಲ ಅಂದ್ರೆ ನೀನು ಕೆಲ್ಸ ಬುಟ್ಟು ಬಂದ್ಬುಡ್ತೀಯಾ?”

“ಬತ್ತೀನಿ ಕಣಪ್ಪ.”

ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದಿತ್ತು. ಆ ಕೆಲಸ ಬಿಟ್ಟರೆ ಅವಳಿಗೆ ಬೇರೇನೂ ಇಲ್ಲ. ಅದು ನಮಗೆಲ್ಲ ಗೊತ್ತಿತ್ತು, ಅವನಿಗೂ. ಅವನು ಫೋನನ್ನು ಮುಖದ ಹತ್ತಿರಕ್ಕೆ ತಂದುಕೊಂಡ.

“ಬ್ಯಾಡ. ನಾನೇ ಬತ್ತೀನಿ” ಎಂದ.

ನನ್ನನ್ನು ಒಂದು ಮಾತು ಕೇಳಲಿಲ್ಲ. ಹುಣಸೆಹುಳಿಗೆ ಕೈ ಉರಿಯುತ್ತಿದೆ ಎಂದು ನೆಪ ಹೇಳಿ ನಾನು ಎದ್ದು ಬಚ್ಚಲಿಗೆ ಹೋದೆ.

ಜೂನ್‌ನಲ್ಲಿ ಅವನು ಹೋದ. ಅಲ್ಲಿಯ ವಿಮಾನ ನಿಲ್ದಾಣದಲ್ಲಿ ತಂಗಿ ಪಾಳಿ ಮುಗಿಸಿ, ಆಸ್ಪತ್ರೆಯ ಬಟ್ಟೆಯಲ್ಲೇ ಬಂದು ಕಾದಿದ್ದಳಂತೆ. ಎಷ್ಟೋ ವರ್ಷಗಳ ಮೇಲೆ ತಾಯಿ ಮಗ ಎರಡು ವಾರ ಅವಳ ಮನೆಯಲ್ಲಿ ಒಟ್ಟಿಗೆ ಇದ್ದರು. ಆಮೇಲೆ ಅವಳೇ ಅವನನ್ನು ಶಿಬಿರಕ್ಕೆ ಬಿಟ್ಟು ಬಂದಳು.