ಒದ್ದೆ ಟವೆಲ್ಲಿನ ರಿಸರ್ವೇಷನ್

ಸ್ನೇಹಿತರೇ, ನಿನ್ನೆ ಹೇಳಿದ ಹಾಗೆ, ಸೆಕೆಯಾದರೆ ಮೈತುಂಬ ಪಿತ್ತದ ಗಂಧೆ ಏಳುವ ನನ್ನಂಥವನಿಗೆ ಬಸ್ಸಿನಲ್ಲಿ ನೆರಳಿನ ಕಡೆಯ ಸೀಟೇ ಔಷಧಿ. ಇವತ್ತು ಮಧ್ಯಾಹ್ನ ಹೊಳೆನರಸೀಪುರದಲ್ಲಿ ಹಾಸನದ ಬಸ್ಸು ಬಂದದ್ದೇ, ಎಲ್ಲರಂತೆ ನಾನೂ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದೆ. ಕತ್ತಿಗೆ ಸುತ್ತಿಕೊಳ್ಳಲೆಂದು ಅದನ್ನು ಆಗಷ್ಟೇ ನೀರಲ್ಲಿ ಅದ್ದಿದ್ದು ಮರೆತೇಹೋಗಿತ್ತು.

ಹತ್ತಿ ನೋಡಿದರೆ ಪಕ್ಕದ ಸೀಟಿನ ಅಜ್ಜಿ ಸೆರಗು ಹಿಂಡುತ್ತಿದ್ದರು.

"ಯಾರ್ಲಾ ಇದ್ನ ಎಸ್ದೋನು? ಸೀಟೆಲ್ಲ ಕೆರೆ ಆಗದೆ."

"ನಾನೇ ತಾಯಿ. ವೆರಿ ವೆರಿ ಸಾರಿ. ಮೆಡಿಕಲ್ ಗ್ರೌಂಡ್ಸ್," ಎಂದು ಕೆಂಪಗೆ ಊದಿದ್ದ ತೋಳು ತೋರಿಸಿದೆ.

"ಅಯ್ಯೋ, ಪಿತ್ತದ ಗಂಧೆ ಕಣಣ್ಣ. ಕರೀ ಕಂಬ್ಳಿ ಒದ್ಕಂಡು ಮನೀಕೊ, ಓಯ್ತದೆ."

"ಹೋದ ವಾರ ಕಂಬಳಿ ಹೊದ್ದೇ ಇನ್ನಷ್ಟು ಎದ್ದದ್ದು ತಾಯಿ."

"ಅಂಗಾರೆ ನೀ ಮಾಡಿದ್ ಕೆರೇಲಿ ನೀನೇ ಕೂತ್ಕೊ."

ಕೂತೆ. ತಣ್ಣಗಿತ್ತು. ಹಾಸನ ಬರುವಷ್ಟರಲ್ಲಿ ಗಂಧೆ ಅಡಗಿತು. ಎಷ್ಟೋ ಮಾತ್ರೆ, ಕಷಾಯ ಕಂಡವನಿಗೆ ಕಂಪ್ಲೀಟ್ ರಿಲೀಫ್. ಇಳಿಯುವಾಗ ನನ್ನ ಪಂಚೆಯ ಹಿಂಭಾಗ ನೋಡಿದವರೊಬ್ಬರು ಪಕ್ಕದವರಿಗೆ, "ಪಾಪ, ವಯಸ್ಸಾಗದೆ," ಎಂದರು. ಐ ಡಿಡ್ ನಾಟ್ ಕರೆಕ್ಟ್ ಹಿಮ್.

ಬೆಳಕು ಹೋಗುತ್ತಿದೆ, ಒಣಹಾಕಿದ ಪಂಚೆ ಒಳಗೆ ತರಬೇಕು. ನನ್ನವಳು ತೀರಿಹೋದ ಮೇಲೆ ಆ ಕೆಲಸವೂ ನನ್ನದೇ.